ಮೂಗುತಿಯಿಂದ ಒಂದು ಬೆರಳು

ಅಲಮಾರಿಯ ಬಾಗಿಲ ಮೇಲೆ ಲಕ್ಷ್ಮಿಯನ್ನು ಬರೆದು, ಕಣ್ಣು ಮಾತ್ರ ಬರೆಯದೆ ಅಂಗಡಿಗೆ ಕಳಿಸಿಕೊಟ್ಟವನು ಮಸ್ಕಿಯ ಬಸ್ಸಪ್ಪ. ಇಂಥ ಕೆಲಸ ಅವನಿಗಲ್ಲದೆ ಇನ್ಯಾರಿಗೂ ಹೊಳೆಯುವಂಥದ್ದಲ್ಲ. ಅಜ್ಜನ ಕಾಲಕ್ಕೆ ಸುರಪುರದ ಕಡೆಯಿಂದ ಬಂದು ನೆಲೆಸಿದ ಚಿತ್ರಗಾರರ ಮನೆತನ ಅವನದು. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಚಿತ್ರದ ಉಳಿದದ್ದನ್ನೆಲ್ಲ ಕೂತಲ್ಲೇ ಮುಗಿಸಬಹುದು, ಕಣ್ಣನ್ನು ಮಾತ್ರ ಆ ವಸ್ತು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿದ ಮೇಲೆಯೇ ಬರೆಯಬೇಕು. ಬೆಳಕು ಎತ್ತಲಿಂದ ಬರುತ್ತದೆ, ಮನೆಯವರು ಎಲ್ಲಿ ಕೂರುತ್ತಾರೆ ನೋಡಿಕೊಂಡು ಕಣ್ಣು ತೆರೆಸಬೇಕು. ತೆರೆಸಿದ ಮೇಲೆ ಅದನ್ನು ಕದಲಿಸಬಾರದು. ಗುಡಿಯ ಬಾಗಿಲಿಗೆ, ದೇವರ ಮಂಟಪಕ್ಕೆ ಇದು ನಡೆಯುತ್ತದೆ. ಅಲಮಾರಿ ಎಂದರೆ ಇವತ್ತು ಈ ಕೋಣೆ, ನಾಳೆ ಆ ಕೋಣೆ, ಬಾಡಿಗೆ ಮನೆ ಬದಲಾದರೆ ಟಂಟಂ ಗಾಡಿಯ ಮೇಲೆ. ಅದನ್ನು ಅವನಿಗೆ ಹೇಳಿದವರು ಹೇಳಿ ಹೇಳಿ ಸುಸ್ತಾದರು.

ಹೇಳಿ ಸುಸ್ತಾದವರಲ್ಲಿ ಮೊದಲಿಗ ಮಲೀಕಸಾಬ, ಸಿಂಧನೂರಿನ ಬಡಗಿ. ಇಬ್ಬರೂ ಮೀಸೆ ಚಿಗುರುವ ವಯಸ್ಸಿನಿಂದ ಜೊತೆಗೆ ಕೆಲಸ ಮಾಡಿದವರು. ಇವನು ತೊಟ್ಟಿಲು ಮಾಡಿದರೆ ಅವನು ಅದಕ್ಕೆ ಗಿಳಿ ಬರೆಯುತ್ತಿದ್ದ, ಇವನು ಮದುವೆಯ ಮಣೆ ಮಾಡಿದರೆ ಅವನು ಬಳ್ಳಿ ಹಬ್ಬಿಸುತ್ತಿದ್ದ. ಆಮೇಲೆ ಪ್ಲಾಸ್ಟಿಕ್ ತೊಟ್ಟಿಲು ಬಂತು, ಮದುವೆಗೆ ಬಾಡಿಗೆ ಸೋಫಾ ಬಂತು. ಬಸ್ಸಪ್ಪ ಲಾರಿಯ ಹಿಂದೆ ಹೆಸರು ಬರೆದ, ಫ್ಲೆಕ್ಸ್ ಬಂದು ಅದನ್ನೂ ನುಂಗಿತು. ಮಲೀಕಸಾಬ ಹಲಗೆಯ ಪುಡಿ ಒತ್ತಿ ಮಾಡಿದ ಶೀಟುಗಳಿಗೆ ಮೈಕಾ ಅಂಟಿಸುವುದನ್ನು ಕಲಿತ. ಅದನ್ನು ಬಡಗಿತನ ಎಂದು ಕರೆಯಲು ಅವನ ಬಾಯಿ ಏಳುತ್ತಿರಲಿಲ್ಲ, ಆದರೂ ಹೊಟ್ಟೆ ಕೇಳಬೇಕಲ್ಲ.

ಹೀಗಿರುವಾಗ ಶಿವಪ್ರಸಾದ ಇಬ್ಬರನ್ನೂ ಕರೆಸಿದ. ಸಿಂಧನೂರಿನಲ್ಲಿ ಮೂರಂತಸ್ತಿನ ಫರ್ನಿಚರ್ ಅಂಗಡಿ ಇಟ್ಟ ಮನುಷ್ಯ. ಮಾತು ಸಕ್ಕರೆ. ಕೆಟ್ಟವನೆಂದು ಹೇಳಲಾರೆ. ತನ್ನ ಮಾತನ್ನು ಆಡಿದ ಮರುಗಳಿಗೆ ಮರೆಯುವವರು ಇರುತ್ತಾರಲ್ಲ, ಆ ಪೈಕಿ.

"ನಮ್ಮ ಕಡೆ ಹಳೇ ಚಿತ್ರಕಲಾ ಐತಿ, ಅದನ್ನ ಫರ್ನಿಚರಿಗೆ ತರೋಣ್ರಿ," ಎಂದ. "ಮೊದಲು ಒಂದು ಅಲಮಾರಿ ಮಾಡ್ರಿ. ನನ್ನ ಹೊಸ ಮನ್ಯಾಗ ಇಡ್ತೀನಿ. ಬಂದವರು ನೋಡ್ತಾರ, ಕೇಳ್ತಾರ. ಆಮ್ಯಾಲೆ ನಿಮ್ಮಿಬ್ಬರಿಗೂ ಕೈ ತುಂಬ ಕೆಲಸ."

ಮಲೀಕಸಾಬ ಬಹಳ ದಿನಗಳ ಮೇಲೆ ನಿಜವಾದ ಸಾಗವಾನಿ ಕೊಯ್ದ. ಒಂಟಿ ಬಾಗಿಲಿನ ಎತ್ತರದ ಅಲಮಾರಿ. ಬಾಗಿಲ ತುಂಬ ನಿಂತ ಲಕ್ಷ್ಮಿ. ಆಕೆಯ ಬಲಗೈಯಲ್ಲಿ ಒಂದು ಕಮಲದ ದೇಟು, ದೇಟಿನ ತುದಿಯ ಮೊಗ್ಗೇ ಬಾಗಿಲ ಹಿಡಿಕೆ. ದೇಟು ಬಸ್ಸಪ್ಪ ಬರೆದದ್ದು, ಮೊಗ್ಗು ಮಲೀಕಸಾಬ ಕೆತ್ತಿದ್ದು. ಬಣ್ಣ ಎಲ್ಲಿ ಮುಗಿದು ಮರ ಎಲ್ಲಿ ಶುರುವಾಯಿತು ಎಂದು ಕೈಯಿಟ್ಟು ನೋಡಿದರೇ ಗೊತ್ತಾಗಬೇಕು. ಅದನ್ನು ಮಾಡಿದ ದಿನ ಇಬ್ಬರೂ ಹುಡುಗರ ಹಾಗೆ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡಿದರು.

ಬಸ್ಸಪ್ಪನ ರೀತಿಯಲ್ಲಿ ಮರದ ಮೇಲೆ ಅರಿವೆ ಅಂಟಿಸಿ, ಹುಣಸೆ ಬೀಜದ ಅಂಟಿಗೆ ಕಲ್ಲಿನ ಪುಡಿ ಕಲಸಿ ಬಳಿದು, ಒಡವೆಗಳನ್ನು ಅದೇ ಹಿಟ್ಟಿನಿಂದ ಉಬ್ಬಿಸಿ, ಮೇಲೆ ಬಂಗಾರದ ವರಕು ಕೂರಿಸಬೇಕು. ಆದರೆ ಶಿವಪ್ರಸಾದ, ಉಬ್ಬಿದಲ್ಲೆಲ್ಲ ಧೂಳು ಕೂರುತ್ತದೆ, ಎಲ್ಲ ಸಪಾಟ ಇರಲಿ ಎಂದ. ಬಸ್ಸಪ್ಪ ಹೂಂ ಅಂದ. ಸರ, ಡಾಬು, ಬಳೆ ಎಲ್ಲ ಸಪಾಟ ಬರೆದ. ಒಂದನ್ನು ಮಾತ್ರ ಬಿಡಲಿಲ್ಲ. ಲಕ್ಷ್ಮಿಯ ಎಡ ಮೂಗಿನ ಮೂಗುತಿಯನ್ನು ತೊಗರಿ ಕಾಳಿನಷ್ಟು ಉಬ್ಬಿಸಿದ.

"ಇದೊಂದು ಯಾಕ ಉಬ್ಬಿಸಿದಿ?" ಎಂದು ಮಲೀಕಸಾಬ ಕೇಳಿದ.

ಬಸ್ಸಪ್ಪ ಕುಂಚ ಕೆಳಗಿಟ್ಟು, ಲಿಂಗಸುಗೂರಿನ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದದ್ದನ್ನು ಆಗ ಹೇಳಿದ. ಎದುರಿಗಿದ್ದದ್ದು ಕಾಣುತ್ತಿತ್ತು, ಬದಿಯದು ಕಾಣುತ್ತಿರಲಿಲ್ಲ. ಪೊರೆ ಬಂದಿರಬೇಕು, ತೆಗೆಸಿದರಾಯಿತು ಎಂದುಕೊಂಡಿದ್ದ. ಪೊರೆಯಲ್ಲ, ನರವೇ ಒಣಗುತ್ತಿದೆ, ಹೋದ ನೋಟ ಬರುವುದಿಲ್ಲ, ಇರುವುದನ್ನು ಔಷಧ ಬಿಟ್ಟುಕೊಂಡು ಒಂದಿಷ್ಟು ದಿನ ಹಿಡಿದಿಡಬಹುದು ಎಂದು ಡಾಕ್ಟರು ಹೇಳಿದ್ದರು. ರಾಯಚೂರಿನವರೂ ಅದನ್ನೇ ಹೇಳಿದರು.

"ಶಿವಪ್ರಸಾದನ ಮನಿ ತಡಾ ಆದ್ರ ನನ್ನ ಕಣ್ಣು ಇರ್ತಾವೋ ಇಲ್ಲೋ," ಎಂದ ಬಸ್ಸಪ್ಪ. "ಮೂಗುತಿ ಕೈಗೆ ಸಿಕ್ಕರ ಸಾಕು. ಅಲ್ಲಿಂದ ಒಂದು ಬೆರಳು ಮ್ಯಾಲೆ, ಅರ್ಧ ಬೆರಳು ಆಚಿಗೆ. ಒಂದು ಕಣ್ಣು ಸಿಕ್ಕರ ಇನ್ನೊಂದು ತಾನ ಸಿಗ್ತೈತಿ."

"ಈಗ ಕಾಣಾಕತ್ತೈತಲ್ಲ. ಈಗ ಬರದು ಬಿಡು. ಇದು ಅಲಮಾರಿ ಐತಿ ಬಸ್ಸಪ್ಪ, ಗುಡಿ ಅಲ್ಲ. ಅರಿವಿ ಇಡ್ತಾರ ಇದರಾಗ."

"ಅರಿವಿ ಒಳಗಿರ್ತಾವ. ಆಕಿ ಹೊರಗಿರ್ತಾಳ."

ಇಂಥವನಿಗೆ ಏನು ಹೇಳುವುದು? ಮಲೀಕಸಾಬನಿಗೆ ಸಿಟ್ಟು ಬಂತು, ಬೀಡಿ ಹಚ್ಚಿಕೊಂಡು ಹೊರಗೆ ಹೋದ. ಆದರೆ ಬಸ್ಸಪ್ಪನ ಧೈರ್ಯ ಬೇರೆಯೇ ಇತ್ತು. ಕಣ್ಣಿಲ್ಲದ ದೇವತೆಯನ್ನು ಯಾರು ತಾನೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಯಾರು ತಾನೆ ಕೊಳ್ಳುತ್ತಾರೆ? ಕರೆಯಲೇಬೇಕು. ಅವನ ಮನೆತನದಲ್ಲಿ ತಲೆತಲಾಂತರದಿಂದ ಹಾಗೆಯೇ ನಡೆದಿತ್ತು, ಕಣ್ಣು ಬಾಕಿ ಇದ್ದ ಚಿತ್ರ ಚಿತ್ರಗಾರನನ್ನು ಕರೆಸದೆ ಬಿಟ್ಟದ್ದಿಲ್ಲ. ಆ ನಂಬಿಕೆಯ ಮೇಲೆ ಅವನು ಅಲಮಾರಿಯನ್ನು ಗಾಡಿ ಹತ್ತಿಸಿದ.

ಶಿವಪ್ರಸಾದನ ಮನೆ ಆಷಾಢವೆಂದು ನಿಂತಿತು. ಆಮೇಲೆ ಟೈಲ್ಸ್ ಬರಲಿಲ್ಲವೆಂದು ನಿಂತಿತು. ಆಮೇಲೆ ಪಿತೃಪಕ್ಷ. ಮಲೀಕಸಾಬ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಒಳಗೆ ಇಣುಕುತ್ತಿದ್ದ. ಗಾಜಿನ ಹಿಂದೆ ಲಕ್ಷ್ಮಿ ಕಣ್ಣಿಲ್ಲದೆ ನಿಂತಿರುತ್ತಿದ್ದಳು, ಪಕ್ಕದಲ್ಲಿ ಹೊದಿಕೆ ಸುತ್ತಿದ ಡೈನಿಂಗ್ ಟೇಬಲ್ಲು.

ಮಸ್ಕಿಯಲ್ಲಿ ಬಸ್ಸಪ್ಪ ಅಭ್ಯಾಸಕ್ಕೆ ಕೂತಿದ್ದ. ಹಲಗೆಯ ಮೇಲೆ ತೊಗರಿ ಕಾಳು ಅಂಟಿಸಿ, ಕಣ್ಣು ಮುಚ್ಚಿಕೊಂಡು, ಎಡಗೈಯ ಬೆರಳನ್ನು ಕಾಳಿನ ಮೇಲಿಟ್ಟು, ಬಲಗೈಯಿಂದ ಕಣ್ಣು ಬರೆಯುತ್ತಿದ್ದ. ಅವನ ಮಗಳು ನಂದಿನಿ ಶಾಲೆಯೊಂದರಲ್ಲಿ ಕ್ಲರ್ಕು. ಸಂಜೆ ಬಂದು ಹಲಗೆ ಒರೆಸಿಕೊಡುವುದು, ಕಣ್ಣಿಗೆ ಔಷಧ ಬಿಡುವುದು ಅವಳ ಕೆಲಸ. ಮೊದಲಿಗೆ ಕಣ್ಣುಗಳು ಹಣೆಗೆ ಹೋಗುತ್ತಿದ್ದವು. ದಸರಾ ಹೊತ್ತಿಗೆ ಸರಿಯಾದ ಜಾಗಕ್ಕೆ ಬರತೊಡಗಿದವು. ದೀಪಾವಳಿಯ ಹೊತ್ತಿಗೆ ಬಸ್ಸಪ್ಪ ಕಣ್ಣು ಮುಚ್ಚಿಕೊಳ್ಳುವ ಅಗತ್ಯವೂ ಇರಲಿಲ್ಲ. ಕಿಟಕಿ ಯಾವ ಕಡೆ ಇದೆ ಎಂಬಷ್ಟೇ ಉಳಿದಿತ್ತು.

"ಕಾಕಾ, ಇನ್ನ ಕರೀಲಿಲ್ಲೇನು ಅವರು?" ಎಂದು ನಂದಿನಿ ಮಲೀಕಸಾಬನಿಗೆ ಫೋನು ಮಾಡಿದಳು. "ಅಪ್ಪ ದಿನಾ ಅಂಗಿ ಹಾಕ್ಕೊಂಡು ಕುಂದರ್ತಾನ."

ಆವತ್ತೇ ಮಲೀಕಸಾಬ ಅಂಗಡಿಯೊಳಗೆ ನುಗ್ಗಿದ. ಅಲಮಾರಿ ಇರಲಿಲ್ಲ. ಅದು ನಿಂತಿದ್ದಲ್ಲಿ ಗೋಡೆಗೆ ಒರಗಿಸಿದ ಮೈಕಾ ಶೀಟುಗಳಿದ್ದವು. ಪ್ರತಿ ಶೀಟಿನ ಮೇಲೂ ಅದೇ ಲಕ್ಷ್ಮಿ, ಅದೇ ಕಮಲ, ಅದೇ ಬೋಳು ಮುಖ. ಹತ್ತಿರ ಹೋಗಿ ಕೈಯಾಡಿಸಿದ. ನುಣ್ಣಗೆ, ತಣ್ಣಗೆ ಇತ್ತು.

"ಹೈದ್ರಾಬಾದಿನ ಹೋಟೆಲ್ಲಿನವರು ಎತ್ತಿಕೊಂಡು ಹೋದ್ರಿ," ಎಂದ ಶಿವಪ್ರಸಾದ, ಖುಷಿಯಿಂದಲೇ. "ಕೊಡೂದಕ್ಕಿಂತ ಮೊದಲು ಫೋಟೋ ಹೊಡಿಸಿ ಇಟ್ಟಿದ್ದೆ, ಅದನ್ನ ಶೀಟಿಗೆ ಅಚ್ಚು ಹಾಕ್ಸೀನಿ. ಈಗ ಯಾರು ಬೇಕಾದ್ರೂ ತಗೋಬಹುದು. ಹಿಡಿಕಿ ಈ ಕಡೆ ಬೇಕಂದ್ರ ಹಿಂಗ, ಆ ಕಡೆ ಬೇಕಂದ್ರ ಚಿತ್ರಾನ ಕಂಪ್ಯೂಟರಿನಾಗ ಹೊರಳಿಸಿ ಬಿಡ್ತೀವಿ."

"ಕಣ್ಣು?"

"ಕಣ್ಣಿಲ್ಲದಿದ್ರೇ ಚಂದ ಅಂದ್ರಿ ಅವರು. ಈಗ ಅದೇ ಫ್ಯಾಷನ್ ಅಂತ."

"ಹೋಟೆಲ್ಲಿನ ಹೆಸರಾದ್ರೂ ಹೇಳ್ರಿ. ನಾವೇ ಹೋಗಿ ಬರದು ಬರ್ತೀವಿ."

ಶಿವಪ್ರಸಾದನಿಗೆ ಹೆಸರು ನೆನಪಿರಲಿಲ್ಲ. ನಡುವಿನವರು ಯಾರೋ ಬಂದು ಒಯ್ದದ್ದು. ಬೇಕಂತಲೇ ಮುಚ್ಚಿಟ್ಟನೋ ಎಂದು ಮಲೀಕಸಾಬ ಅವನ ಮುಖ ನೋಡಿದ. ಹಾಗೇನೂ ಕಾಣಲಿಲ್ಲ, ಮನುಷ್ಯ ನಿಜಕ್ಕೂ ಮರೆತಿದ್ದ. ಬೈದಾದರೂ ಹಗುರಾಗೋಣವೆಂದರೆ ಬೈಯಲು ಅಲ್ಲಿ ಏನೂ ಸಿಗಲಿಲ್ಲ. "ಶೀಟು ಕೂರಿಸೋ ಕೆಲಸ ನಿಮಗ ಕೊಡ್ತೀನಿ, ಚಿಂತಿ ಮಾಡಬ್ಯಾಡ್ರಿ," ಎಂದು ಶಿವಪ್ರಸಾದ ಚಹಾ ತರಿಸಿದ. ಮಲೀಕಸಾಬ ಆ ಚಹಾ ಕುಡಿದ. ಆ ಕೆಲಸವನ್ನೂ ಒಪ್ಪಿದ. ಗುರುಗುಂಟಾದಲ್ಲಿ ಒಂದು, ಸಾಲಗುಂದದಲ್ಲಿ ಒಂದು ಎಂದು ಕುರುಡು ಲಕ್ಷ್ಮಿಯನ್ನು ತನ್ನ ಕೈಯಾರೆ ಅಂಟಿಸುತ್ತ ಹೋದ. ಮಸ್ಕಿಯ ಫೋನು ಬಂದಾಗಲೆಲ್ಲ "ಮನಿ ಮುಗಿಯಾಕ ಬಂದೈತಂತ" ಎನ್ನುತ್ತಿದ್ದ.

ಮೂರನೆಯದು ಸಂತೆಕಲ್ಲೂರಿನ ಪಕೀರಮ್ಮನ ಮನೆಗೆ. ಮಗ ಮೇಷ್ಟರು, ಹೊಸ ಮನೆ ಕಟ್ಟಿದ್ದ. ಮಲೀಕಸಾಬ ಬಾಗಿಲು ಕೂರಿಸಿ ಹೊರಟಾಗ ಪಕೀರಮ್ಮ ತಡೆದಳು.

"ಸಾಬ್ರ, ಕಣ್ಣು ಎಲ್ಲ್ಯಾವ?"

"ಇದು ಹಿಂಗ ಬರ್ತೈತ್ರೆವ್ವ."

"ಹಿಂಗ ಅಂದ್ರ? ಮುಂಜಾನೆ ಎದ್ದು ಕಣ್ಣಿಲ್ಲದ ಮಾರಿ ನೋಡ್ಲೇನು? ಯಾರನ್ನಾರ ಕರಕೊಂಡು ಬಂದು ಬರಸ್ರಿ. ಇಲ್ಲಂದ್ರ ಕಿತ್ತಿ ಒಯ್ರಿ."

ಇಷ್ಟು ಜನರಲ್ಲಿ ಆ ಮುದುಕಿ ಒಬ್ಬಳೇ ಅದನ್ನು ಕೇಳಿದವಳು. ಮಲೀಕಸಾಬನಿಗೆ ಅಲ್ಲೇ ಒಂದು ಯೋಚನೆ ಬಂತು. ಒಳ್ಳೆಯ ಯೋಚನೆಯೆಂದೇ ಅವನಿಗೆ ಅನಿಸಿತು, ಪ್ರೀತಿಯಿಂದ ಬಂದ ಯೋಚನೆಗಳೆಲ್ಲ ಒಳ್ಳೆಯವೆಂದೇ ಅನಿಸುತ್ತವೆ. ಬಸ್ಸಪ್ಪನಿಗೆ ಹೇಗೂ ಕಾಣುವುದಿಲ್ಲ. ಅವನದೇ ಅಲಮಾರಿ ಎಂದು ಹೇಳಿ ಕರೆತಂದರೆ? ಚಿತ್ರ ಅವನದೇ ತಾನೆ. ಕಣ್ಣು ಬರೆದ ತೃಪ್ತಿ ಅವನಿಗೆ, ಕಣ್ಣು ಬಂದ ತೃಪ್ತಿ ಪಕೀರಮ್ಮನಿಗೆ.

ಮಾರನೆಯ ದಿನ ಮತ್ತೆ ಅಲ್ಲಿಗೇ ಹೋಗಿ ಸ್ಟೀಲಿನ ಹಿಡಿಕೆ ಕಿತ್ತು, ಸಾಗವಾನಿಯ ತುಂಡಿನಲ್ಲಿ ಮೊದಲಿನಂಥದೇ ಮೊಗ್ಗು ಕೆತ್ತಿ ಕೂರಿಸಿದ. ಮೂಗುತಿಯ ಚಿತ್ರ ಎಲ್ಲಿತ್ತೋ ಸರಿಯಾಗಿ ಅದರ ಮೇಲೆ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತೊಗರಿ ಕಾಳಿನಷ್ಟು ಗುಬುಟು ಇಟ್ಟ, ಒಣಗಿದ ಮೇಲೆ ಉಜ್ಜಿ ನಯ ಮಾಡಿದ. ಕಣ್ಣು ಮುಚ್ಚಿಕೊಂಡು ತಾನೇ ಒಮ್ಮೆ ಮುಟ್ಟಿ ನೋಡಿದ. ಏನೂ ತಪ್ಪು ಸಿಗಲಿಲ್ಲ.

ಮಸ್ಕಿಗೆ ಹೋಗಿ, "ಕರದಾರ," ಎಂದ. "ಶಿವಪ್ರಸಾದ ಸಂತೆಕಲ್ಲೂರಿನವರಿಗೆ ಮಾರ್ಯಾನ. ಅವರು ಕಣ್ಣು ಬರೀಲೇಬೇಕಂತ ಕುಂತಾರ."

ಬಸ್ಸಪ್ಪ ಅಂಗಿ ಹಾಕಿಕೊಂಡೇ ಕೂತಿದ್ದ. "ನಾ ಹೇಳಿರಲಿಲ್ಲ?" ಎಂದ ಮಗಳ ಕಡೆ ಮುಖ ಮಾಡಿ. ಅವಳು ನಿಂತಿದ್ದದ್ದು ಇನ್ನೊಂದು ಕಡೆ. ಅಳಿಲಿನ ಬಾಲದ ಕೂದಲ ಕುಂಚ, ದೀಪದ ಮಸಿಗೆ ಗೋಂದು ಕಲಸಿದ ಕಪ್ಪು, ಎಲ್ಲ ಚೀಲದಲ್ಲಿ ಸಿದ್ಧವಿದ್ದವು. ಸಂತೆಕಲ್ಲೂರಿನ ಆಟೋದಲ್ಲಿ ದಾರಿಯುದ್ದಕ್ಕೂ ಮಾತಾಡಿದ. ಹೊಲದಲ್ಲಿ ಜೋಳ ತೆನೆ ಹಿಡಿದಿದೆಯೇ ಎಂದು ಕೇಳಿದ, ಆ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಕೇಳಿದ, ಪಕೀರಮ್ಮ ಎಲ್ಲಿ ಕೂತು ಕಾಳು ಆರಿಸುತ್ತಾಳೆ ಎಂದೂ ಕೇಳಿದ. ಮಲೀಕಸಾಬನಿಗೆ ಆ ಮುಖದ ಮೇಲಿನ ಸಂತೋಷ ನೋಡಿ ತಾನು ಮಾಡಿದ್ದು ಸರಿ ಎನಿಸಿತು.

ಕೋಣೆಯಲ್ಲಿ ಪಕೀರಮ್ಮ ಊದಿನಕಡ್ಡಿ ಹಚ್ಚಿದ್ದಳು. ಬಸ್ಸಪ್ಪ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮಲೀಕಸಾಬನ ಹೆಗಲು ಹಿಡಿದು ಅಲಮಾರಿಯ ಮುಂದೆ ನಿಂತ. ಬಾಗಿಲ ಮೇಲೆ ಅಂಗೈ ಇಟ್ಟ.

"ಬಾಳ ನುಣ್ಣಗ ಐತಲ್ಲ."

"ಮ್ಯಾಲೆ ಪಾಲಿಶ್ ಹೊಡಿಸ್ಯಾನ ಅವ."

"ಹೂಂ." ಕೈ ಮೇಲೆ ಸರಿಯಿತು. ಬೆರಳು ಮೂಗುತಿಯನ್ನು ತಲುಪಿ ನಿಂತಿತು. ಮಲೀಕಸಾಬ ಉಸಿರು ಬಿಟ್ಟ. ಬಸ್ಸಪ್ಪ ಕುಂಚ ಎತ್ತಲಿಲ್ಲ. ಮೂಗುತಿಯಿಂದ ಬಾಗಿಲ ಈ ಅಂಚಿನವರೆಗೆ ಗೇಣು ಹಾಕಿದ, ಆಮೇಲೆ ಆ ಅಂಚಿನವರೆಗೆ. ಕೆಳಗಿಳಿದು ಮೊಗ್ಗು ಹುಡುಕಿದ. ತನ್ನ ಬಲಕ್ಕೆ ಅದು ಸಿಕ್ಕಿತು, ಅದನ್ನು ಹಿಡಿದುಕೊಂಡೇ ಹೇಳಿದ.

"ಮಲೀಕಸಾಬ, ಆಕಿ ಕಮಲ ಎಡಗೈಯಾಗ ಹಿಡಿದಾಳ."

ಮಲೀಕಸಾಬ ತಲೆಯೆತ್ತಿ ಚಿತ್ರ ನೋಡಿದ.

"ಮೂಗುತಿ ಆಕಿ ಬಲಮೂಗಿನಾಗೈತಿ. ನಾ ಎಡಕ್ಕಿಟ್ಟಿದ್ದೆ."

ಪಕೀರಮ್ಮನ ಮನೆಯಲ್ಲಿ ಅಲಮಾರಿ ಎಡಗಡೆಯ ಗೋಡೆಗೆ ಒತ್ತಿ ನಿಂತಿತ್ತು. ಹಿಡಿಕೆ ಬಲಗಡೆ ಬೇಕಾಗಿತ್ತು. ಅದಕ್ಕೆಂದು ಶಿವಪ್ರಸಾದ ಹೊರಳಿಸಿದ ಶೀಟು ಕಳಿಸಿದ್ದ, ಕನ್ನಡಿಯಲ್ಲಿ ಕಾಣುವ ಹಾಗೆ ಎಲ್ಲ ಅದಲುಬದಲು. ಮಲೀಕಸಾಬ ಮೂಗುತಿ ಎಲ್ಲಿದೆಯೋ ಅಲ್ಲೇ ಗುಬುಟು ಇಟ್ಟಿದ್ದ, ಕೂದಲಷ್ಟೂ ತಪ್ಪಿರಲಿಲ್ಲ. ಎಡ ಬಲ ಎಂಬುದು ಅವನ ತಲೆಗೆ ಬಂದೇ ಇರಲಿಲ್ಲ.

"ನಂದು ಎಲ್ಲಿ ಹೋತು?" ಎಂದ ಬಸ್ಸಪ್ಪ.

ಇನ್ನು ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಮಲೀಕಸಾಬ ಎಲ್ಲ ಹೇಳಿದ. ಹೋಟೆಲ್ಲು, ಫೋಟೋ, ಶೀಟು, ಗುರುಗುಂಟಾ, ಸಾಲಗುಂದ. ಬಸ್ಸಪ್ಪ ಬಾಗಿಲಿಗೆ ಮುಖ ಮಾಡಿಕೊಂಡೇ ಕೇಳಿದ.

"ಕಣ್ಣಿಲ್ಲದ ಹೋಗ್ಯಾಳ ಹಂಗಾದ್ರ. ಹೈದ್ರಾಬಾದಿಗೆ."

"ಹೂಂ."

"ಅವರು ಕೊಂಡ್ರು. ಕಣ್ಣಿಲ್ಲದ್ದನ್ನೂ ಕೊಂಡ್ರು."

ಇದೊಂದೇ ಅವನಿಗೆ ಅರ್ಥವಾಗದೆ ಹೋದದ್ದು. ಎರಡು ಸಲ ಅದನ್ನೇ ಹೇಳಿದ. ಕೋಣೆಯ ಬಾಗಿಲ ಬಳಿ ನಿಂತ ಪಕೀರಮ್ಮ, "ಯಪ್ಪಾ, ಬರೀತೀರೋ ಇಲ್ಲೋ?" ಎಂದಳು. ಪಾಪ, ಅವಳಿಗೆ ಇದೆಲ್ಲ ಏನೂ ತಿಳಿದಿರಲಿಲ್ಲ.

"ಬರೀತೀನಿ ತಾಯಿ," ಎಂದ ಬಸ್ಸಪ್ಪ. "ಯಾರು ಮಾಡಿದ್ರೇನು, ಆಕಿ ಮಾರಿ ಐತಿ. ಹಂಗ ಬಿಡಬಾರದು."

ತಿಂಗಳುಗಟ್ಟಲೆ ಕಾಳಿನಿಂದ ತನ್ನ ಬಲಕ್ಕೆ ಬರೆದು ಪಳಗಿದ ಕೈಯನ್ನು ಈಗ ಎಡಕ್ಕೆ ತಿರುಗಿಸಬೇಕಾಗಿತ್ತು. ಬಸ್ಸಪ್ಪ ಕೈ ಬದಲಿಸಿದ. ಬಲಗೈಯ ಬೆರಳನ್ನು ಮೂಗುತಿಯ ಮೇಲಿಟ್ಟ, ಕುಂಚವನ್ನು ಎಡಗೈಗೆ ತೆಗೆದುಕೊಂಡ. ಒಂದು ಬೆರಳು ಮೇಲೆ, ಅರ್ಧ ಬೆರಳು ಆಚೆ. ಮೇಲಿನ ರೆಪ್ಪೆಯನ್ನು ಒಂದೇ ಎಳೆತಕ್ಕೆ ಎಳೆದ. ಕೆಳಗಿನದು. ನಡುವೆ ಪಾಪೆ. ಮಲೀಕಸಾಬ ಮುಂದೆ ಬಾಗಿ ನೋಡಿದ. ಕಣ್ಣು ಸರಿಯಾದ ಜಾಗದಲ್ಲಿ ಇತ್ತು. ಅದು ಅವನನ್ನೇ ನೋಡುತ್ತಿತ್ತು. ಇಷ್ಟು ವರ್ಷ ಜೊತೆಗಿದ್ದರೂ ಬಸ್ಸಪ್ಪನ ಕೈ ಇಂಥದ್ದು ಎಂದು ಅವತ್ತೇ ಅವನಿಗೆ ತಿಳಿದದ್ದು.

ಎರಡನೆಯ ಕಣ್ಣು ಮುಗಿಯುವಷ್ಟರಲ್ಲಿ ಮೊದಲನೆಯದು ಕೆಟ್ಟಿತು. ಸುಣ್ಣ, ಕಲ್ಲಿನ ಪುಡಿ ಕುಡಿಯುವ ಬಣ್ಣ ಅದು, ಮೈಕಾ ಅದನ್ನು ಕುಡಿಯಲಿಲ್ಲ. ರೆಪ್ಪೆ ಒಡೆದು ಹನಿ ಹನಿಯಾಯಿತು. ಹನಿಗಳು ಕೂಡಿಕೊಂಡು ಗಲ್ಲದ ಮೇಲೆ ಇಳಿದವು. ಎರಡನೆಯ ಕಣ್ಣೂ ಅದರ ಹಿಂದೆಯೇ ಇಳಿಯತೊಡಗಿತು. ಪಕೀರಮ್ಮ ಬಾಯಿ ತೆರೆದಳು. ಮಲೀಕಸಾಬ ಅವಳಿಗೆ ಕೈ ಮುಗಿದು ಸುಮ್ಮನಿರಿ ಎಂದು ಸನ್ನೆ ಮಾಡಿದ.

"ಕುಂತಾವೇನು?" ಎಂದ ಬಸ್ಸಪ್ಪ.

ಒಂದು ಸುಳ್ಳು ಸಿಕ್ಕಿಬಿದ್ದು ಇನ್ನೂ ಊದಿನಕಡ್ಡಿ ಆರಿರಲಿಲ್ಲ.

"ಕುಂತಾವ," ಎಂದ ಮಲೀಕಸಾಬ.

"ನೋಡಾಕತ್ತಾಳೇನು?"

"ನೋಡಾಕತ್ತಾಳ."

ಬಸ್ಸಪ್ಪ ತಲೆಯಾಡಿಸಿ, ಹಿಂದೆ ಸರಿಯುವ ಮುಂಚೆ ಆಧಾರಕ್ಕೆಂದು ಬಾಗಿಲ ಮೇಲೆ ಕೈ ಊರಿದ. ಲಕ್ಷ್ಮಿಯ ಗದ್ದದ ಮೇಲೆ ಬಿತ್ತು ಕೈ. ಕಪ್ಪು ಬೆರಳಿಗೆ ಹತ್ತಿತು. ಹೆಬ್ಬೆರಳಿಗೆ ಅದನ್ನು ಒತ್ತಿ, ತಿಕ್ಕಿ, ಮೂಗಿನ ಹತ್ತಿರ ತಂದು ಮೂಸಿದ. ಗೋಂದಿನ ವಾಸನೆ ಅವನಿಗೆ ಗೊತ್ತಿಲ್ಲದ್ದೇನಲ್ಲ. ಕುಂಚವನ್ನು ಚೀಲಕ್ಕೆ ಹಾಕಿ, "ಹೋಗೋಣ ನಡಿ," ಎಂದ.

ಅಂಗಳ ದಾಟುವಾಗ ಒಳಗಿನಿಂದ ಪಕೀರಮ್ಮ ಹಸಿ ಬಟ್ಟೆ ಹಿಂಡಿದ ಸದ್ದು ಕೇಳಿಸಿತು. ಬಸ್ಸಪ್ಪನಿಗೂ ಕೇಳಿಸಿರಬೇಕು, ಅವನ ಕಿವಿ ಈಗ ಚುರುಕಾಗಿತ್ತು. ಆಟೋದಲ್ಲಿ ಅವನು ಜೋಳದ ವಿಚಾರ ಕೇಳಲಿಲ್ಲ. ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದ.

ಮಸ್ಕಿಯ ಮನೆಯಲ್ಲಿ ನಂದಿನಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. ಬೆಲ್ಲದ ಪಾಯಸದ ವಾಸನೆ ಹೊರಗಿನವರೆಗೆ ಬಂದಿತ್ತು. ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಕೈ ಕಪ್ಪಾದದ್ದನ್ನು ನೋಡಿ ತಂಬಿಗೆಯಲ್ಲಿ ನೀರು ತಂದಳು.

"ಆತೇನಪ್ಪ? ಬರದ್ಯೇನು?"

ಮಲೀಕಸಾಬ ಏನೋ ಹೇಳಲು ಹೋದ. ಬಸ್ಸಪ್ಪ ಅವನಿಗಿಂತ ಮೊದಲು ಬಾಯಿ ತೆರೆದ.

"ಬರದೆ," ಎಂದ. "ಎರಡೂ ಬರದೆ. ನಿಮ್ಮ ಕಾಕಾನ್ನ ಕೇಳು, ಹೆಂಗ ನೋಡಾಕತ್ತಾಳಂತ."

ನಂದಿನಿ ಅವನ ಬೆರಳುಗಳನ್ನು ಒಂದೊಂದಾಗಿ ಹಿಡಿದು ತೊಳೆದಳು. ಕಪ್ಪು ಒಂದೇ ಸಲಕ್ಕೆ ಬಿಟ್ಟುಕೊಂಡು ನೀರಿನ ಜೊತೆ ಹೋಯಿತು. ಆಮೇಲೆ ಅವಳು ತಲೆಯೆತ್ತಿ ಮಲೀಕಸಾಬನ ಮುಖ ನೋಡಿದಳು, ಅವನು ಹೇಳಲಿ ಎಂದು ಕಾದಳು.